ಎರಿಯೊ ಕಳೆದ ಹತ್ತೊಂಬತ್ತು ಕಿಲೋ

ಮೊದಲು ನೆಲಹಾಸು ಕಿತ್ತರು. ಆಮೇಲೆ ರೇಡಿಯೊ ಕಿತ್ತರು. ಬಾಗಿಲಿನ ಒಳಹಿಡಿಕೆ ತೆಗೆದು, ಅಲ್ಲಿ ಎಳೆಯುವುದಕ್ಕೆ ಒಂದು ಬಟ್ಟೆಪಟ್ಟಿ ಹೊಲಿಸಿದರು. ಹಿಂದಿನ ಗಾಜನ್ನು ತೆಳ್ಳಗೆ ಮಾಡಿದರು, ಎಂಜಿನ್ನಿಗೆ ಗಾಳಿ ಊದುವ ಎರಡು ಟರ್ಬೊಗಳ ಕೊಳವೆಗಳನ್ನೂ ಬಿಡದೆ ಸವೆಸಿದರು. ಹೀಗೆ ಅರ್ಧ ಕಾರನ್ನು ಕಿತ್ತು ಮೂಲೆಗೆ ಹಾಕಿದ ಮೇಲೆ, ಉಳಿದ ಅರ್ಧಕ್ಕೆ ಒಂದೂವರೆ ಪಟ್ಟು ಬೆಲೆ ಕಟ್ಟಿದರು. ರೇಸ್ ಟ್ರ್ಯಾಕಿಗೆಂದೇ ಮಾಡಿದ ವಿಶೇಷ ಆವೃತ್ತಿ ಎಂದು ಇದಕ್ಕೆ ಹೆಸರು. ಇಟಲಿಯ ಮೋದೆನಾ ಸೀಮೆಯ ನಮ್ಮ ಊರಿನಲ್ಲಿ ಇದನ್ನು ಯಾರೂ ಹುಚ್ಚು ಎನ್ನುವುದಿಲ್ಲ, ಅರ್ಧ ಊರಿನ ಒಲೆ ಉರಿಯುವುದೇ ಈ ಕಾರು ಕಾರ್ಖಾನೆಯಿಂದ. ಕಾರು ತೆಳ್ಳಗಾದರೆ ಇಲ್ಲಿನ ಜನ ಚಪ್ಪಾಳೆ ತಟ್ಟುತ್ತಾರೆ. ಮನುಷ್ಯ ತೆಳ್ಳಗಾದರೆ ಏನು ಮಾಡುತ್ತಾರೆ ಎನ್ನುವುದನ್ನು ಎರಿಯೊ ಬಾಲುಗಾನಿಯನ್ನೇ ಕೇಳಬೇಕು, ಪಾಪ.

ಎರಿಯೊ ಆ ಕಾರ್ಖಾನೆಯ ಸೀಟು ವಿಭಾಗದಲ್ಲಿ ಮೂವತ್ತೊಂದು ವರ್ಷದಿಂದ ಚರ್ಮ ಹೊಲಿಯುತ್ತಿದ್ದ. ವಯಸ್ಸು ಐವತ್ತೇಳು, ತೂಕ ನೂರ ನಾಲ್ಕು ಕಿಲೋ. ಅರಬ್ಬೀ ದೊರೆಗಳೂ ಫುಟ್‌ಬಾಲ್ ಆಟಗಾರರೂ ಅವನ ಹೊಲಿಗೆಯ ಮೇಲೆ ಕೂತು ಮೆರೆಯುತ್ತಿದ್ದರು. ಅವನು ಮಾತ್ರ ಗ್ಯಾಸಿನಲ್ಲಿ ಓಡುವ ಹಳೆಯ ಪುಟ್ಟ ಪಾಂಡಾ ಕಾರಿನಲ್ಲಿ, ಸ್ಪಂಜು ಹೊರಗೆ ಇಣುಕುವ ಸೀಟಿನ ಮೇಲೆ ಕೂತು ಕೆಲಸಕ್ಕೆ ಬರುತ್ತಿದ್ದ. ಅವನ ಹೊಲಿಗೆ ಮೇಜಿನ ಕಿಟಕಿಯಾಚೆಗೇ ಕಾರ್ಖಾನೆಯ ಟ್ರ್ಯಾಕ್. ಕಾರುಗಳು ಶಿಳ್ಳೆ ಹಾಕುತ್ತಾ ಹೋಗುವುದನ್ನು ದಿನವಿಡೀ ಕೇಳಿ ಕೇಳಿ, ಟರ್ಬೊ ಯಾವ ತಿರುವಿನಲ್ಲಿ ಉಸಿರು ಬಿಡುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಓಡುವ ಕಾರಿನಲ್ಲಿ, ತಾನೇ ಹೊಲಿದ ಸೀಟಿನಲ್ಲಿ ಒಂದೇ ಒಂದು ಸುತ್ತು ಕೂರಬೇಕು. ಅವನ ಜೀವಮಾನದ ಆಸೆ ಅಂತ ಇದ್ದಿದ್ದು ಅಷ್ಟೇ.

ಕಾರ್ಖಾನೆಯಲ್ಲಿ ಅದಕ್ಕೊಂದು ರೂಢಿಯೂ ಇತ್ತು. ವಿಶೇಷ ಆವೃತ್ತಿ ಲೋಕಕ್ಕೆ ಮುಖ ತೋರಿಸುವ ಮುಂಚೆ ಪ್ರತಿ ವಿಭಾಗದಲ್ಲೂ ಚೀಟಿ ಎತ್ತುತ್ತಿದ್ದರು. ಯಾರ ಹೆಸರು ಬಂದಿತೋ ಅವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಟೆಸ್ಟ್ ಡ್ರೈವರ್ ಒಂದು ಸುತ್ತು ಹೊಡೆಸುತ್ತಿದ್ದ. ಒಂದೂಕಾಲು ನಿಮಿಷದ ಸುತ್ತು. ಅದರಲ್ಲಿ ಹೋಗಿ ಬಂದವರು ಮುಂದಿನ ಇಪ್ಪತ್ತು ವರ್ಷ ಬೇರೆ ಮಾತೇ ಆಡುತ್ತಿರಲಿಲ್ಲ. ಅಕ್ಟೋಬರ್ ಮೊದಲ ವಾರ ಇಂಜಿನಿಯರ್ ಪಾಂಚಿರೋಲಿ ತನ್ನ ಟೋಪಿಯೊಳಗೆ ಕೈಹಾಕಿ ಸೀಟು ವಿಭಾಗದ ಚೀಟಿ ತೆಗೆದು, "ಬಾಲುಗಾನಿ" ಎಂದು ಓದಿದ. ಎರಿಯೊ ಸೂಜಿಯನ್ನು ತನ್ನ ಹೆಬ್ಬೆರಳಿಗೇ ಚುಚ್ಚಿಕೊಂಡ. ನೋವು ಕೂಡ ಗೊತ್ತಾಗಲಿಲ್ಲ.

ಮರುದಿನ ಅಳತೆ ನೋಡಲು ಅವನನ್ನು ಸೀಟಿನಲ್ಲಿ ಕೂರಿಸಿದರು. ಈ ಕಾರಿನ ಸೀಟು ಕಾರ್ಬನ್ ನಾರಿನ ಚಿಪ್ಪು. ಬಗ್ಗುವುದಿಲ್ಲ, ಹಿಗ್ಗುವುದಿಲ್ಲ, ಯಾರ ಮುಲಾಜನ್ನೂ ನೋಡುವುದಿಲ್ಲ. ಅದರ ಮೆತ್ತೆಯನ್ನು ಎರಿಯೊ ತನ್ನ ಕೈಯಾರೆ ಹೊಲಿದಿದ್ದ, ಅದರ ಅಗಲ ಎಷ್ಟೆಂದು ಅವನಿಗೆ ಬೆರಳ ತುದಿಯಲ್ಲಿತ್ತು. ತನ್ನ ಅಗಲ ಎಷ್ಟೆಂದು ಮಾತ್ರ ಆವತ್ತಿನವರೆಗೂ ಅವನು ಯೋಚಿಸಿರಲಿಲ್ಲ. ಅರ್ಧಕ್ಕೆ ಇಳಿದು ಸಿಕ್ಕಿಕೊಂಡ. ಮೇಲಕ್ಕೆ ಎಳೆಯಲು ಇಬ್ಬರು ಬೇಕಾದರು, ಮೂರನೆಯವನು ಚಿಪ್ಪನ್ನು ಹಿಡಿದುಕೊಂಡಿದ್ದ.

"ಎಂಬತ್ತೈದು ಕಿಲೋಗೆ ಬನ್ನಿ ಬಾಲುಗಾನಿ," ಎಂದ ಇಂಜಿನಿಯರ್. "ಬೆಲ್ಟು ಆರು ಪಟ್ಟಿದು. ಎಲ್ಲಾ ಹಾಕೋಕಾಗ್ಬೇಕು. ಫೆಬ್ರವರಿ ಇಪ್ಪತ್ತೇಳರೊಳಗೆ ಆಗದಿದ್ರೆ ನಿಮ್ಮ ಜಾಗ ಬಣ್ಣದ ವಿಭಾಗಕ್ಕೆ."

"ಬಣ್ಣದವರಿಗಾ?"

"ಅವರೆಲ್ಲಾ ಸಣ್ಣಕ್ಕಿದಾರೆ. ಇನ್ನೊಂದು ವಿಷ್ಯ. ಈ ಕಾರು ಇದೆ ಅಂತ ಹೊರಗಡೆ ಯಾರಿಗೂ ಗೊತ್ತಾಗಬಾರದು. ಹೆಂಡತಿಗೂ ಹೇಳಂಗಿಲ್ಲ. ಮಾರ್ಚ್ ಮೂರಕ್ಕೆ ಪತ್ರಿಕೆಯಲ್ಲಿ ಹಾಕಿಸ್ತೀವಿ, ಅಲ್ಲಿವರೆಗೂ ಬಾಯಿಗೆ ಹೊಲಿಗೆ. ಇಲ್ಲಿ ಸಹಿ ಹಾಕಿ."

"ಹೇಳಿದ್ರೆ?"

"ಕೆಲಸಾನೂ ಹೋಗುತ್ತೆ, ಸುತ್ತೂ ಹೋಗುತ್ತೆ."

ಎರಿಯೊ ಎರಡನೆಯದಕ್ಕೆ ಹೆದರಿ ಸಹಿ ಹಾಕಿದ.

ಭಾನುವಾರ ಬಂತು. ಭಾನುವಾರವೆಂದರೆ ಅತ್ತೆ ಅರ್ಮಿದಾಳ ತೊರ್ತೆಲ್ಲೀನಿ. ಕಿರುಬೆರಳ ಉಗುರಿನಷ್ಟು ಕಡುಬು, ಒಳಗೆ ಮಾಂಸದ ಹೂರಣ, ಕೋಳಿಯ ಬಿಸಿ ಸಾರಿನಲ್ಲಿ ತೇಲುತ್ತಿರಬೇಕು. ಎಂಬತ್ತಮೂರರ ಅರ್ಮಿದಾ ಶನಿವಾರ ಬೆಳಗ್ಗೆಯಿಂದ ಕೂತು ಅವನ್ನು ಒಂದೊಂದಾಗಿ ಮಡಚುತ್ತಿದ್ದಳು. ಎರಿಯೊ ಮೂರು ಸೌಟು ಹಾಕಿಸಿಕೊಂಡು ನಾಲ್ಕನೆಯದಕ್ಕೆ ತಟ್ಟೆ ಚಾಚುವುದು ಮದುವೆಯಾದಂದಿನಿಂದ ನಡೆದುಬಂದ ಪದ್ಧತಿ. ಆ ದಿನ ಮೊದಲ ಸೌಟು ಬಿದ್ದ ಕೂಡಲೇ ಅವನು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ.

"ಸಾಕು ಅತ್ತೆ."

ಸೌಟು ಗಾಳಿಯಲ್ಲೇ ನಿಂತಿತು. "ಏನಂದೆ?"

"ಸಾಕು ಅಂದೆ. ತೂಕ ಇಳಿಸ್ತಿದೀನಿ."

"ಯಾತಕ್ಕೆ?"

"ಸುಮ್ನೆ."

"ಸುಮ್ಸುಮ್ನೆ ಯಾರಾದ್ರೂ ತೂಕ ಇಳಿಸ್ತಾರೇನೋ? ಯುದ್ಧದ ಕಾಲದಲ್ಲಿ ನಾವು ಇಳಿಸಿದ್ವಿ, ಅದೂ ಬೇಕು ಅಂತ ಅಲ್ಲ."

ಹೆಂಡತಿಯ ತಮ್ಮ ವೈನೆರ್ ಬ್ರೆಡ್ಡನ್ನು ಸಾರಿಗೆ ಅದ್ದುತ್ತಾ ನಕ್ಕ. "ಈ ವಯಸ್ಸಲ್ಲಿ ಗಂಡಸು ತೂಕ ಇಳಿಸ್ತಾನೆ ಅಂದ್ರೆ ಇನ್ನೇನಮ್ಮಾ? ಎಲ್ಲೋ ಇನ್ನೊಬ್ಬಳು ಇದಾಳೆ."

ಎರಿಯೊನ ಹೆಂಡತಿ ನೀವೆಸ್ ಚಮಚ ಕೆಳಗಿಟ್ಟಳು. ಅರ್ಮಿದಾ ಅಳಿಯನನ್ನು ಬೋಳುತಲೆಯಿಂದ ಹೊಟ್ಟೆಯವರೆಗೆ, ಹೊಟ್ಟೆಯಿಂದ ಬೋಳುತಲೆಯವರೆಗೆ ನಿಧಾನವಾಗಿ ನೋಡಿದಳು.

"ಇವನನ್ನ ಯಾರು ಇಟ್ಕೋತಾರೆ?" ಎಂದಳು. "ಕಾಯಿಲೆ ಇದು."

ಹೀಗೆ ಅರ್ಮಿದಾ ಹೇಳಿದ ಮೇಲೆ ಅದು ಕಾಯಿಲೆಯೇ ಆಯಿತು.

ನವೆಂಬರಿನಲ್ಲಿ ನೀವೆಸ್ ಅವನನ್ನು ಡಾಕ್ಟರ್ ಗಿಬೆಲ್ಲೀನಿಯ ಹತ್ತಿರ ಎಳೆದುಕೊಂಡು ಹೋದಳು. ರಕ್ತ ತೆಗೆಸಿದರು, ಹೊಟ್ಟೆಗೆ ಸ್ಕ್ಯಾನ್ ಮಾಡಿಸಿದರು, ಬಾಯಿಂದ ನಳಿಗೆ ಇಳಿಸಿ ಒಳಗೆಲ್ಲಾ ಇಣುಕಿದರು. ಡಾಕ್ಟರು ಕಾಗದಗಳನ್ನು ತಿರುವಿ ಹಾಕಿ ತಲೆ ಕೆರೆದುಕೊಂಡರು.

"ಏನೂ ಸಿಗ್ತಿಲ್ಲ ನೀವೆಸ್. ಸಕ್ಕರೆ ಸರಿಯಿದೆ. ಬಿ.ಪಿ. ಸರಿಯಿದೆ. ಕೊಲೆಸ್ಟ್ರಾಲ್ ಇಳಿದಿದೆ."

"ಇಳಿದಿದೆಯಾ?" ನೀವೆಸ್ ಕುರ್ಚಿಯ ಕೈ ಹಿಡಿದುಕೊಂಡಳು. "ನಮ್ಮ ಕಡೆ ಬದುಕಿರೋರಿಗೆ ಅದು ಇಳಿದಿದ್ದೇ ಇಲ್ಲ ಡಾಕ್ಟ್ರೇ! ನಮ್ಮಪ್ಪನಿಗೆ ಇಳಿದಿದ್ದು ಹೋಗೋ ವಾರದಲ್ಲಿ."

"ಒಳ್ಳೇದೇ ಅಲ್ವೇನಮ್ಮಾ ಇದು?"

"ನೀವು ನನ್ನ ಹತ್ರ ಏನೋ ಮುಚ್ಚಿಡ್ತಿದೀರಿ."

ಡಾಕ್ಟರು ಏನೂ ಇಲ್ಲವೆಂದು ಆಣೆ ಇಟ್ಟರು. ಆಣೆ ಇಟ್ಟಿದ್ದರಿಂದಲೇ ನೀವೆಸ್‌ಗೆ ಸಂಶಯ ಹೋಗಿ ಖಾತ್ರಿಯಾಯಿತು. ಸಂಜೆಯೊಳಗೆ ಸುದ್ದಿ ಬೇಕರಿಗೆ ಮುಟ್ಟಿತು. ಬೇಕರಿಗೆ ಮುಟ್ಟಿದ್ದು ಊರಿಗೆ ಮುಟ್ಟಲು ನಮ್ಮಲ್ಲಿ ಅರ್ಧ ಗಂಟೆ ಸಾಕು.

ಅಲ್ಲಿಂದ ಎರಿಯೊನ ಬಾಳು ಬಾಳಾಗಿ ಉಳಿಯಲಿಲ್ಲ. ಎದುರು ಮನೆಯಾಕೆ ದಾರಿಯಲ್ಲಿ ಸಿಕ್ಕಿದರೆ ಅವನ ಕೆನ್ನೆ ಸವರಿ ಮೂಗು ಒರೆಸಿಕೊಳ್ಳುತ್ತಿದ್ದಳು. ಬಾರಿನಲ್ಲಿ ಮೂವತ್ತು ವರ್ಷದಿಂದ ಇಸ್ಪೀಟಿನಲ್ಲಿ ಅವನ ಚರ್ಮ ಸುಲಿದ ಗೆಳೆಯರು ಈಗ ಸಾಲಾಗಿ ಸೋಲತೊಡಗಿದರು. ಹಸಿವಿನಿಂದ ಬುದ್ಧಿ ಚುರುಕಾಗಿದೆ ಎಂದುಕೊಂಡು ಎರಿಯೊ ಎರಡು ವಾರ ಎದೆಯುಬ್ಬಿಸಿ ಓಡಾಡಿದ. ಕೊನೆಗೆ ಒಂದು ದಿನ ಎದುರಾಳಿ ಕೈಯಲ್ಲಿದ್ದ ಎಕ್ಕವನ್ನು ಬೇಕೆಂದೇ ತೊಡೆಯ ಕೆಳಗೆ ಇಟ್ಟುಕೊಳ್ಳುವುದನ್ನು ಕಂಡ.

"ಏನೋ ಇದು?"

"ಗೆಲ್ಲೋ ಮಾರಾಯ," ಎಂದ ಗೆಳೆಯ. "ಗೆಲ್ಲೋಷ್ಟು ದಿನ ಗೆಲ್ಲು."

ಮನೆಗೆ ಬಂದರೆ ಅಟ್ಟದ ಮೇಲೆ ಟಕ್ ಟಕ್ ಸದ್ದು. ಅಟ್ಟದಲ್ಲಿ ನೀವೆಸ್‌ಳ ಅಜ್ಜ ಹಾಕಿಟ್ಟ ಐದು ವಿನೆಗರ್ ಪೀಪಾಯಿಗಳಿದ್ದವು. ದ್ರಾಕ್ಷಾರಸ ಅವುಗಳೊಳಗೆ ಅರವತ್ತು ವರ್ಷದಿಂದ ಕಪ್ಪಾಗುತ್ತಾ ಗಟ್ಟಿಯಾಗುತ್ತಾ ಕೂತಿತ್ತು. ಅಷ್ಟು ಹಳೆಯ ವಿನೆಗರಿಗೆ ನಮ್ಮಲ್ಲಿ ಚಿನ್ನದ ಬೆಲೆ. ವೈನೆರ್ ಒಂದೊಂದೇ ಪೀಪಾಯಿಗೆ ಕಿವಿಯಿಟ್ಟು ಬಾರಿಸಿ ನೋಡುತ್ತಿದ್ದ.

"ಏನ್ ಮಾಡ್ತಿದೀಯಾ ಇಲ್ಲಿ?"

"ಏನಿಲ್ಲ ಭಾವ. ನೀನಿಲ್ಲದಾಗ ಇವನ್ನ ನೋಡ್ಕೊಳೋರು ಯಾರು ಅಂತ ಯೋಚನೆ. ಅಕ್ಕನ ಕೈಲಿ ಆಗಲ್ಲ."

"ನಾನು ಎಲ್ಲಿಗೂ ಹೋಗ್ತಿಲ್ಲ ಕಣೋ!"

"ಹೌದು ಹೌದು, ಎಲ್ಲಿಗೂ ಹೋಗ್ತಿಲ್ಲ," ಎಂದು ವೈನೆರ್ ಅವನ ಬೆನ್ನು ತಟ್ಟಿದ. ಬೆನ್ನಿನ ಮೂಳೆ ಕೈಗೆ ಸಿಕ್ಕಿತು, ಅವನಿಗೂ ನಿಜವಾಗಿಯೇ ಕಣ್ಣು ತುಂಬಿತು.

ಕ್ರಿಸ್‌ಮಸ್‌ಗೆ ಎರಿಯೊ ಹನ್ನೆರಡು ತೊರ್ತೆಲ್ಲೀನಿ ತಿಂದ. ಲೆಕ್ಕ ಹಾಕಿದ್ದು ಅರ್ಮಿದಾ. ಹೊಸ ವರ್ಷಕ್ಕೆ ಹೂರಣ ತುಂಬಿದ ಹಂದಿಕಾಲು ಬೇಯಿಸಿ ಮುಂದಿಟ್ಟಾಗ ಅದರ ಪಕ್ಕದ ಬೇಳೆಯನ್ನು ಮಾತ್ರ ತಿಂದ. ತಿನ್ನುವಾಗ ಅತ್ತ ಕೂಡ. ಅದು ಹಸಿವಿನ ಅಳು, ಹಂದಿಕಾಲಿನ ವಾಸನೆಗೆ ಬಂದ ಅಳು. ಮೇಜಿನ ಸುತ್ತ ಕೂತವರಿಗೆ ಅದು ವಿದಾಯದ ಅಳುವಾಗಿ ಕಂಡು ಎಲ್ಲರೂ ಜೊತೆಗೂಡಿದರು.

ಎಲ್ಲಕ್ಕಿಂತ ಕಷ್ಟ ನೀವೆಸ್‌ಳದು. ಅವಳು ಬೈಯುವುದನ್ನೇ ಬಿಟ್ಟಳು. ಬೂಟು ಹಾಕಿಕೊಂಡು ಒರೆಸಿದ ನೆಲದ ಮೇಲೆ ನಡೆದರೂ ಬೈಯುವುದಿಲ್ಲ, ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದರೂ ಬೈಯುವುದಿಲ್ಲ. ಬಾಯಿ ಬಡಿದುಕೊಳ್ಳುತ್ತಿದ್ದ ಹೆಂಡತಿ ಹಾಗೆ ಮೌನವಾದರೆ ಮನೆ ಮನೆಯಂತಿರುವುದಿಲ್ಲ. ಅವನ ಪ್ಯಾಂಟುಗಳು ಜಾರತೊಡಗಿದಾಗ ಅವಳೇ ಸೊಂಟ ಹಿಡಿದು ಹೊಲಿದಳು. ಅಳುತ್ತಾ ಹೊಲಿದಿದ್ದರಿಂದ ಹೊಲಿಗೆ ಸೊಟ್ಟಗೆ ಹೋಗಿತ್ತು. ಮೂವತ್ತೊಂದು ವರ್ಷ ಹೊಲಿದವನಿಗೆ ಅದು ಗೊತ್ತಾಗದೆ ಇರುತ್ತದೆಯೆ? ಎರಿಯೊ ಆ ಸೊಟ್ಟ ಹೊಲಿಗೆಯ ಮೇಲೆ ಬೆರಳಾಡಿಸಿದ.

"ನೀವೆಸ್," ಎಂದ. "ನಾನು ಸಾಯ್ತಿಲ್ಲ."

"ಇಲ್ಲ ಕಣೋ, ಇಲ್ಲ."

"ಮಾರ್ಚ್ ಮೂರು ಆದ್ಮೇಲೆ ಎಲ್ಲಾ ಹೇಳ್ತೀನಿ."

ಮಾರ್ಚ್ ಮೂರು ಎಂದು ದಿನಾಂಕವನ್ನೇ ಕೊಟ್ಟಿದ್ದನ್ನು ಕೇಳಿ ನೀವೆಸ್ ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಮಾರನೆಯ ದಿನ ಮಧ್ಯಾಹ್ನ ಪಾದ್ರಿ ದೋನ್ ಸಾವೆರಿಯೊ ಕಾಯಿಲೆಯವರಿಗೆ ಹಚ್ಚುವ ಪವಿತ್ರ ತೈಲದ ಕರಡಿಗೆ ಹಿಡಿದು ಬಂದರು.

ಒಂದು ಕ್ಷಣ ಎರಿಯೊಗೆ ದಾರಿ ಕಂಡಿತು. ಸಹಿ ಹಾಕಿದ ಕಾಗದದಲ್ಲಿ ಹೆಂಡತಿ ಇದ್ದಳು, ಅಣ್ಣತಮ್ಮಂದಿರು ಇದ್ದರು, ಪಾದ್ರಿಯ ಮಾತೇ ಇರಲಿಲ್ಲ.

"ದೋನ್ ಸಾವೆರಿಯೊ, ಪಾಪನಿವೇದನೆಯಲ್ಲಿ ಹೇಳಿದ್ದು ಹೊರಗೆ ಹೋಗಲ್ಲ ತಾನೆ?"

"ಕೊಂದ್ರೂ ಹೋಗಲ್ಲ ಮಗೂ. ಹೇಳು."

ಎರಿಯೊ ಬಾಯಿ ತೆರೆದ. ಆದರೆ ದೋನ್ ಸಾವೆರಿಯೊ ಯಾರು? ಕಾರ್ಖಾನೆಯ ಕಾರು ರೇಸ್ ಗೆದ್ದ ಭಾನುವಾರ ಇಗರ್ಜಿಯ ಗಂಟೆ ಹೊಡೆಸುವವರು. ಹೊಸ ಕಾರು ಟ್ರ್ಯಾಕಿಗೆ ಇಳಿದ ಸುಳಿವು ಸಿಕ್ಕರೆ ದುರ್ಬೀನು ಹಿಡಿದು ಗಂಟೆಗೋಪುರ ಹತ್ತುವವರು. ದೇವರ ವಿಷಯದಲ್ಲಿ ಅವರ ಬಾಯಿ ಬಿಗಿ, ಟರ್ಬೊ ವಿಷಯದಲ್ಲಿ ದೇವರೇ ಕಾಪಾಡಬೇಕು. ಎರಿಯೊ ಬಾಯಿ ಮುಚ್ಚಿದ.

"ಹೆದರಿಕೆ ಆಗ್ತಿದ್ಯಾ?" ಎಂದರು ಪಾದ್ರಿ.

"ಆಗ್ತಿದೆ."

"ಸಹಜ ಮಗೂ. ಎಲ್ಲರೂ ಒಂದು ದಿನ ಹೊರಡೋರೇ." ಎಂದು ಅವನ ಹಣೆಗೂ ಅಂಗೈಗೂ ತೈಲ ಹಚ್ಚಿದರು. ಒಳ್ಳೆಯ ಆಲಿವ್ ಎಣ್ಣೆ. ಅದರ ವಾಸನೆಗೆ ಬ್ರೆಡ್ಡಿನ ನೆನಪಾಗಿ ಎರಿಯೊನ ಹೊಟ್ಟೆ ಮನೆಯೆಲ್ಲಾ ಕೇಳುವಂತೆ ಗುಡುಗಿತು. ಬಾಗಿಲ ಹಿಂದೆ ನಿಂತಿದ್ದ ಅರ್ಮಿದಾ ಶಿಲುಬೆಯ ಗುರುತು ಮಾಡಿಕೊಂಡಳು.

ಇಷ್ಟನ್ನೂ ಅವನು ಸಹಿಸಿದ. ಒಂದೂಕಾಲು ನಿಮಿಷಕ್ಕಾಗಿ ಸಹಿಸಿದ. ಫೆಬ್ರವರಿ ಇಪ್ಪತ್ತೇಳರ ಬೆಳಗ್ಗೆ ಕಾರ್ಖಾನೆಯ ತಕ್ಕಡಿಯ ಮೇಲೆ ನಿಂತ. ಎಂಬತ್ತನಾಲ್ಕು ಕಿಲೋ ಒಂಬೈನೂರು ಗ್ರಾಂ. ಎರಿಯೊ ತಕ್ಕಡಿಗೇ ಮುತ್ತಿಟ್ಟು, ಸೊಟ್ಟ ಹೊಲಿಗೆಯ ಪ್ಯಾಂಟನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಪಾಂಚಿರೋಲಿಯ ಕೊಠಡಿಗೆ ಓಡಿದ.

"ಇಂಜಿನಿಯರ್ರೇ! ಹತ್ತೊಂಬತ್ತು ಕಿಲೋ! ಮೇಲೆ ನೂರು ಗ್ರಾಂ!"

ಪಾಂಚಿರೋಲಿ ಎದ್ದು ಬಂದು ಅಪ್ಪಿಕೊಂಡ. "ಭಲೇ ಬಾಲುಗಾನಿ! ನಮ್ಮದೂ ಆಯ್ತು! ರಾತ್ರಿ ನಿದ್ದೆಯಿಲ್ಲ, ಊಟ ಇಲ್ಲ. ಎದುರಾಳಿ ಕಂಪನಿ ಕಾರು ನಮ್ಮದಕ್ಕಿಂತ ಹಗುರ ಅಂತ ಸುದ್ದಿ ಬಂತು. ಇನ್ನೂ ಹನ್ನೊಂದು ಕಿಲೋ ಇಳಿಸಿ ಅಂದ್ರು. ಎಲ್ಲಿಂದ ಇಳಿಸೋದು ಹೇಳಿ? ಕಿತ್ತು ಹಾಕೋಕೆ ಏನು ಉಳಿದಿದೆ ಅದ್ರಲ್ಲಿ? ಆದ್ರೂ ಇಳಿಸಿದ್ವಿ."

"ಸಂತೋಷ. ಏನು ಕಿತ್ತ್ರಿ?"

"ಪಕ್ಕದ ಸೀಟು."

ಕಿಟಕಿಯಾಚೆ ಟ್ರ್ಯಾಕಿನಲ್ಲಿ ಕಾರೊಂದು ಶಿಳ್ಳೆ ಹಾಕುತ್ತಾ ಹೋಯಿತು. ಎರಿಯೊ ಜಾರುತ್ತಿದ್ದ ಪ್ಯಾಂಟನ್ನು ಮೇಲಕ್ಕೆ ಎಳೆದುಕೊಂಡ.

"ಮತ್ತೆ ನನ್ನ ಸುತ್ತು?"

"ಸುತ್ತು..." ಪಾಂಚಿರೋಲಿಗೆ ಅದು ಈಗ ಹೊಳೆಯಿತು. "ಅಯ್ಯೋ. ಹೌದಲ್ಲ. ಯಾರಿಗೂ ಇಲ್ಲ ಈ ಸಲ. ಬಣ್ಣದವರಿಗೂ ಇಲ್ಲ."

"ಬೇರೆ ಎಲ್ಲಿಂದಾದ್ರೂ ಕೀಳಬಹುದಿತ್ತಲ್ಲ ಇಂಜಿನಿಯರ್ರೇ."

"ನಿಮ್ಮ ಸಂಕಟ ಅರ್ಥ ಆಗುತ್ತೆ ಬಾಲುಗಾನಿ. ನಿಮಗೆ ಮಾತ್ರ ಅರ್ಥ ಆಗೋ ಮಾತು ಹೇಳ್ತೀನಿ. ಇಳಿಸ್ತಾ ಹೋದ್ರೆ ಕೊನೆಗೆ ಕೈ ಯಾವುದರ ಮೇಲೆ ಬೀಳುತ್ತೆ ಅಂತ ನಮಗೇ ಗೊತ್ತಾಗಲ್ಲ." ಎಂದು ಮೇಜಿನ ಖಾನೆಯಿಂದ ಕಾರ್ಖಾನೆಯ ಹೆಸರಿದ್ದ ಒಂದು ಟೋಪಿ ತೆಗೆದು ಕೊಟ್ಟ. ಎರಿಯೊ ಅದನ್ನು ತಲೆಗಿಟ್ಟುಕೊಂಡ. ತಲೆಯೂ ಸಣ್ಣಗಾಗಿತ್ತೋ ಏನೋ, ಟೋಪಿ ಕಣ್ಣಿನವರೆಗೂ ಇಳಿಯಿತು.

ಆ ನಾಲ್ಕು ದಿನ ಅವನು ಹೇಗೆ ಬದುಕಿದನೋ. ಒಂದೇ ಸಮಾಧಾನ, ಮಾರ್ಚ್ ಮೂರು ಭಾನುವಾರವೇ ಬಂದಿತ್ತು. ಸುತ್ತಂತೂ ಹೋಯಿತು, ಹೆಂಡತಿಗಾದರೂ ನಿಜ ಹೇಳಿ ನಗಿಸುತ್ತೇನೆ ಎಂದುಕೊಂಡು ಬೆಳಗ್ಗೆಯೇ ಪತ್ರಿಕೆ ಕೊಂಡು ತಂದ. ಮಧ್ಯಾಹ್ನ ಮೇಜಿನ ಸುತ್ತ ಎಲ್ಲರೂ ಸೇರಿದ್ದರು. ನೀವೆಸ್, ಅರ್ಮಿದಾ, ವೈನೆರ್, ಜೊತೆಗೆ ದೋನ್ ಸಾವೆರಿಯೊ. ಮಾರ್ಚ್ ಮೂರು ಎಂದು ರೋಗಿಯೇ ಹೇಳಿದ್ದರಿಂದ ನೀವೆಸ್ ಅವರನ್ನೂ ಇರಲಿ ಎಂದು ಕರೆದಿದ್ದಳು. ಎರಿಯೊ ಎದ್ದು ನಿಂತು ಎಲ್ಲವನ್ನೂ ಹೇಳಿದ. ಚೀಟಿ, ಚಿಪ್ಪು, ಸಹಿ, ಎಂಬತ್ತೈದು ಕಿಲೋ.

"ನನಗೆ ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಈ ಕಾರಿನ ಪಕ್ಕದ ಸೀಟಲ್ಲಿ ಕೂರೋದಕ್ಕೆ ಇಷ್ಟೆಲ್ಲಾ ಮಾಡಿದ್ದು!" ಎಂದು ಪತ್ರಿಕೆಯನ್ನು ಸಾರಿನ ಪಾತ್ರೆಯ ಪಕ್ಕ ಹರಡಿದ.

ವೈನೆರ್ ಕನ್ನಡಕ ಹಾಕಿಕೊಂಡು ಬಗ್ಗಿದ. ಮೇಲಿನಿಂದ ತೆಗೆದ ದೊಡ್ಡ ಫೋಟೊ. ಒಳಗಿನದೆಲ್ಲಾ ನಿಚ್ಚಳವಾಗಿ ಕಾಣುತ್ತಿತ್ತು.

"ಯಾವ ಪಕ್ಕದ ಸೀಟು ಭಾವ?"

"ಅದನ್ನ... ಅದನ್ನ ಆಮೇಲೆ ಕಿತ್ತರು."

"ಇಲ್ಲಿ ಒಂದೇ ಸೀಟು ಅಂತ ಬರೆದಿದಾರೆ. ಪಕ್ಕದಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಇದೆ."

ದೋನ್ ಸಾವೆರಿಯೊ ಪತ್ರಿಕೆಯನ್ನು ತಮ್ಮ ಕಡೆ ಎಳೆದುಕೊಂಡು ಕಾರನ್ನು ತುಸು ಹೊತ್ತು ಪ್ರೀತಿಯಿಂದ ನೋಡಿದರು. ಆಮೇಲೆ ಅಷ್ಟೇ ಕನಿಕರದಿಂದ ಎರಿಯೊನನ್ನು ನೋಡಿದರು. "ಸಿಲಿಂಡರ್ ಮೇಲೆ ಕೂರೋನಿದ್ಯಾ ಮಗೂ?"

"ಕಿತ್ತರು ಅಂದ್ನಲ್ಲಾ! ಹನ್ನೊಂದು ಕಿಲೋಗೋಸ್ಕರ!"

"ತಲೆಗೂ ಏರಿದೆ," ಎಂದಳು ಅರ್ಮಿದಾ. "ನಮ್ಮ ಚಿಕ್ಕಪ್ಪನೂ ಕೊನೆಗಾಲದಲ್ಲಿ ಹೀಗೇ, ಪೋಪ್ ಜೊತೆ ಸೈಕಲ್ ತುಳಿದೆ ಅಂತಿದ್ದ."

ಎರಿಯೊ ಅತ್ತೆಯ ಕೈಯಿಂದ ಸೌಟು ಕಿತ್ತುಕೊಂಡು ತಾನೇ ನಾಲ್ಕು ಸೌಟು ಬಡಿಸಿಕೊಂಡ. ಕಾಯಿಲೆಯವನು ಹೀಗೆ ತಿನ್ನುತ್ತಾನೇನು, ನೋಡಿ! ಐದು ತಿಂಗಳ ಹಸಿವೆಲ್ಲಾ ಬಾಯಿಗೆ ಬಂದಿತ್ತು. ಆದರೆ ಐದು ತಿಂಗಳಲ್ಲಿ ಹೊಟ್ಟೆ ಮುಷ್ಟಿಯಷ್ಟಾಗಿತ್ತು. ಹತ್ತೊಂಬತ್ತನೆಯ ತೊರ್ತೆಲ್ಲೀನಿಗೆ ಗಂಟಲು ಬೇಡ ಎಂದಿತು. ಇಪ್ಪತ್ತನೆಯದು ಚಮಚದಲ್ಲೇ ಉಳಿಯಿತು. ಹಣೆಯ ಮೇಲೆ ಬೆವರು ಮೂಡಿ ಅವನು ಕುರ್ಚಿಗೆ ಒರಗಿದ. ವೈನೆರ್ ಒಮ್ಮೆ ಅಟ್ಟದ ಕಡೆ ನೋಡಿದ.

"ನಾನು ನಂಬ್ತೀನಿ," ಎಂದಳು ನೀವೆಸ್.

ಎಲ್ಲರೂ ಅವಳ ಕಡೆ ತಿರುಗಿದರು. ಎರಿಯೊಗೆ ಹೋದ ಜೀವ ಬಂದಂತಾಯಿತು. "ನಂಬ್ತೀಯಾ ನೀವೆಸ್?"

"ಮೂವತ್ತು ವರ್ಷ ನಿನ್ನ ಜೊತೆ ಸಂಸಾರ ಮಾಡಿದೀನಿ. ಇಂಥಾದ್ದು ನಿನ್ನ ತಲೆಗೇ ಹೊಳೀಬೇಕು." ಅವಳ ದನಿ ಬಹಳ ಮೆಲ್ಲಗಿತ್ತು. "ಪ್ರತಿ ಶುಕ್ರವಾರ ಈ ನೋಯೋ ಮಂಡಿ ಇಟ್ಕೊಂಡು ಗುಡ್ಡದ ಮೇಲಿನ ಮಾತೆಯ ಗುಡಿಗೆ ನಡೆದು ಹೋದೆ. ಸ್ಮಶಾನದಲ್ಲಿ ಅಪ್ಪನ ಪಕ್ಕ ಜಾಗ ಕೇಳಿ ಬಂದೆ. ಹೋದ ವಾರ ಕಪ್ಪು ಕೋಟಿಗೆ ಅಳತೆ ಕೊಟ್ಟೆ, ದರ್ಜಿ ಎದುರಿಗೆ ನಿಂತ್ಕೊಂಡು ಅತ್ತುಬಿಟ್ಟೆ. ಐದು ತಿಂಗಳು ಅತ್ತಿದೀನಿ ಎರಿಯೊ. ಒಂದೂಕಾಲು ನಿಮಿಷಕ್ಕೆ."

"ಸಹಿ ಹಾಕಿದ್ದೆ ಕಣೇ..."

ನೀವೆಸ್ ಎದ್ದು ನಿಂತಳು. ಸೌಟು ಈಗ ಅವಳ ಕೈಯಲ್ಲಿತ್ತು. ಐದು ತಿಂಗಳಿಂದ ಕೂಡಿಟ್ಟ ಬೈಗುಳವೆಲ್ಲಾ ಒಂದೇ ಸಲ ಮುಖಕ್ಕೆ ಏರಿ ಬಂದಿದ್ದನ್ನು ಎರಿಯೊ ಕಂಡ.

"ಸಾಯೋನಾಗಿದ್ರೆ ನಿನಗೆ ಎಲ್ಲಾ ಕ್ಷಮಿಸ್ತಿದ್ದೆ. ಈಗ ದೋನ್ ಸಾವೆರಿಯೊ ಎದುರಿಗೆ, ಸರಿಯಾಗಿ ಹೇಳು. ಕಾಯಿಲೆ ಇದೆಯೋ, ಇಲ್ವೋ?"

ಎರಿಯೊ ಅತ್ತೆಯ ಮುಖ ನೋಡಿದ, ವೈನೆರ್‌ನ ಮುಖ ನೋಡಿದ, ಪಾದ್ರಿಯ ಮುಖ ನೋಡಿದ. ಎಲ್ಲರ ಕಣ್ಣಲ್ಲೂ ಅವನ ಮೇಲೆ ಅಪಾರ ಕರುಣೆಯಿತ್ತು. ಕೊನೆಗೆ ಹೆಂಡತಿಯ ಮುಖ ನೋಡಿದ.

ಎದೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಕೆಮ್ಮಿದ.